ಸೋರಿಕೆಯ ಲೆಕ್ಕ: ಫಾಸ್ಟ್ಯಾಗ್ ರೀಡರಿನ ಒಳಗಿನ ರೇಡಿಯೊ ಚಿಪ್

ಪುಣೆ–ಬೆಂಗಳೂರು ರಸ್ತೆಯಲ್ಲಿ ಓಡಾಡುವವರಿಗೆಲ್ಲ ಟೋಲ್ ಗೇಟಿನ ಈ ಮಾತು ಗೊತ್ತಿದೆ: “ಸ್ವಲ್ಪ ಹಿಂದ ತಗೋರಿ.” ಕಾರು ಒಂದು ಗೇಣು ಹಿಂದೆ ಸರಿದೊಡನೆ, ಅಲ್ಲಿಯವರೆಗೆ ಹಟ ಹಿಡಿದಿದ್ದ ಗೇಟು ತಾನಾಗಿ ಮೇಲೇಳುತ್ತದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನೂ ಬ್ಯಾಂಕಿನ ಖಾತೆಯನ್ನೂ ಬೈಯುವವರೇ ಹೆಚ್ಚು. (ಖಾತೆಯಲ್ಲಿ ಹಣವಿಲ್ಲದಿದ್ದರೆ ಎಷ್ಟು ಹಿಂದೆ ಸರಿದರೂ ಪ್ರಯೋಜನವಿಲ್ಲ ಎಂಬುದು ಬೇರೆ ಮಾತು.) ಆದರೆ ಆ ಒಂದು ಗೇಣಿನ ಹಿಂದೆ ರೇಡಿಯೊ ತರಂಗಗಳ ಲೆಕ್ಕವೊಂದಿದೆ. ತಲೆಯ ಮೇಲಿನ ಚಾವಣಿಗೆ ತೂಗುಹಾಕಿದ, ಆ ಚೀಟಿಯನ್ನು ಓದುವ ರೀಡರ್ ಪೆಟ್ಟಿಗೆಯೊಳಗೆ, ಸುಮಾರು ಬೆರಳುಗುರಿನಷ್ಟು ಅಗಲದ ಚಿಪ್ ಒಂದು ಆ ಲೆಕ್ಕದ ಜೊತೆ ಸೆಣಸುತ್ತಿರುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತು ಇಂಥ ಚಿಪ್‌ಗಳ ವಿನ್ಯಾಸ ಮಾಡುವ ಸಣ್ಣ ತಂಡವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ವಿದ್ಯಾನಗರದ ಕಡೆಯಿಂದ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಸರ್, ಮೊಬೈಲ್ ಚಿಪ್ ಮಾಡೋದಕ್ಕಿಂತ ಇದು ಸರಳ ಅಲ್ರೀ?” ಅಲ್ಲ ಎಂಬುದು ನನ್ನ ಉತ್ತರ. ಏಕೆ ಅಲ್ಲ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ.

ಫಾಸ್ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ, ಟ್ರಾನ್ಸ್‌ಮಿಟರ್ ಕೂಡ ಇಲ್ಲ. ರೀಡರ್ ಕಳಿಸುವ ತರಂಗದಿಂದಲೇ ಅದು ತನಗೆ ಬೇಕಾದ ವಿದ್ಯುತ್ತನ್ನು ಹೀರಿಕೊಳ್ಳುತ್ತದೆ, ಮತ್ತು ತನ್ನ ಆಂಟೆನಾಕ್ಕೆ ಜೋಡಿಸಿದ ಇಂಪಿಡೆನ್ಸನ್ನು (ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆಯನ್ನು) ಬದಲಿಸುತ್ತ ಅದೇ ತರಂಗವನ್ನು ಹೆಚ್ಚು ಕಡಿಮೆ ಪ್ರತಿಫಲಿಸಿ ಉತ್ತರ ಕೊಡುತ್ತದೆ. ಪ್ರತಿಫಲಿತ ಶಕ್ತಿಯಿಂದ ಸಂವಹನ ಮಾಡುವ ಈ ವಿಚಾರವನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಪ್ರಬಂಧವಾಗಿ ಪ್ರಕಟಿಸಿದ್ದರು. ಅದು ಅಗ್ಗದ ಚೀಟಿಯಾಗಿ ಕೈಗೆ ಬರಲು ಸಿಲಿಕಾನ್ ತಂತ್ರಜ್ಞಾನ ಅರ್ಧ ಶತಮಾನ ಬೆಳೆಯಬೇಕಾಯಿತು. ಇಂದು ಟೋಲ್‌ನಲ್ಲಿ ಬಳಕೆಯಲ್ಲಿರುವುದು 2004ರ ಕೊನೆಯಲ್ಲಿ ಅಂಗೀಕೃತವಾದ ‘ಜೆನ್ 2’ ಎಂಬ ಮಾನಕ. ಭಾರತದಲ್ಲಿ ಇದಕ್ಕೆ 865ರಿಂದ 867 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಟ್ರಾನ್ಸ್‌ಮಿಟರಿನ ಶಕ್ತಿ 1 ವಾಟ್, ಆಂಟೆನಾದಿಂದ ಹೊರಹೊಮ್ಮುವ ಶಕ್ತಿ 4 ವಾಟ್, ವಾಹಕ ತರಂಗದ ಅಗಲ 200 ಕಿಲೋಹರ್ಟ್ಜ್ ಮೀರಬಾರದು ಎಂಬುದು ಆಗಿನ ಷರತ್ತು.

ಈಗ ಲೆಕ್ಕಕ್ಕೆ ಬರೋಣ. 1 ವಾಟ್ ಎಂದರೆ ನಮ್ಮ ಭಾಷೆಯಲ್ಲಿ ಪ್ಲಸ್ 30 ಡಿಬಿಎಂ. (ಡಿಬಿಎಂ ಅಳತೆಯಲ್ಲಿ ಒಂದು ಮಿಲಿವಾಟ್ ಎಂದರೆ ಸೊನ್ನೆ; ಶಕ್ತಿ ಹತ್ತು ಪಟ್ಟಾದಾಗಲೆಲ್ಲ 10 ಡೆಸಿಬೆಲ್ ಏರುತ್ತದೆ.) 6 ಡೆಸಿಬೆಲ್ ಗಳಿಕೆಯ ಆಂಟೆನಾ ಸೇರಿದರೆ 36. 866 ಮೆಗಾಹರ್ಟ್ಜ್ ತರಂಗದ ಉದ್ದ ಸುಮಾರು 34.6 ಸೆಂಟಿಮೀಟರ್ ಆಗಿರುವುದರಿಂದ, ತೆರೆದ ಬಯಲಿನಲ್ಲಿ 10 ಮೀಟರ್ ಸಾಗುವಷ್ಟರಲ್ಲಿ 51 ಡೆಸಿಬೆಲ್ ಕಳೆದುಹೋಗುತ್ತದೆ. ಅಂದರೆ ಟ್ಯಾಗಿಗೆ ತಲುಪುವುದು ಮೈನಸ್ 15 ಡಿಬಿಎಂ, ಒಂದು ಮಿಲಿವಾಟಿನ ಮೂವತ್ತರಲ್ಲೊಂದು ಪಾಲು. ಅದರಲ್ಲಿ ಟ್ಯಾಗ್ ತನ್ನ ಹೊಟ್ಟೆ ತುಂಬಿಸಿಕೊಂಡು, ಮಾಹಿತಿಯ ರೂಪದಲ್ಲಿ ಮರಳಿ ಕಳಿಸುವುದು ಕಾಲು ಭಾಗ ಎಂದಿಟ್ಟುಕೊಂಡರೆ, ಮತ್ತೆ 51 ಡೆಸಿಬೆಲ್ ಕಳೆದು, ಆಂಟೆನಾದ 6 ಡೆಸಿಬೆಲ್ ಸೇರಿಸಿ, ರಿಸೀವರಿನ ಬಾಗಿಲಿಗೆ ಬರುವುದು ಮೈನಸ್ 66 ಡಿಬಿಎಂ, ಅಂದರೆ ಒಂದು ನ್ಯಾನೋವಾಟಿನ ಕಾಲು ಭಾಗ. ಮೊಬೈಲ್ ಎಂಜಿನಿಯರ್ ಇದನ್ನು ನೋಡಿ ನಕ್ಕುಬಿಡುತ್ತಾನೆ. ಅವನ ರಿಸೀವರ್ ಮೈನಸ್ 100ರಲ್ಲೂ ಕೆಲಸ ಮಾಡುತ್ತದೆ; ಮೈನಸ್ 66 ಎಂದರೆ ಅವನಿಗೆ ಗಟ್ಟಿ ಧ್ವನಿ.

ಅವನು ನಗುವುದನ್ನು ನಿಲ್ಲಿಸಬೇಕಾದದ್ದು ಇಲ್ಲಿ. ಟ್ಯಾಗ್ ಉತ್ತರಿಸುತ್ತಿರುವಷ್ಟು ಹೊತ್ತೂ ರೀಡರ್ ತನ್ನ 1 ವಾಟ್ ತರಂಗವನ್ನು ಅದೇ ಆವರ್ತನದಲ್ಲಿ ಕಳಿಸುತ್ತಲೇ ಇರಬೇಕು. ನಿಲ್ಲಿಸಿದ ಕ್ಷಣಕ್ಕೆ ಟ್ಯಾಗ್ ಸಾಯುತ್ತದೆ. ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ಆಂಟೆನಾ ಇರುವಲ್ಲಿ ಇವೆರಡನ್ನೂ ಬೇರ್ಪಡಿಸುವ ಸರ್ಕ್ಯುಲೇಟರ್ ಹೆಚ್ಚೆಂದರೆ 20–25 ಡೆಸಿಬೆಲ್ ತಡೆ ಒಡ್ಡುತ್ತದೆ, ಮತ್ತು ಒಳ್ಳೆಯ ಆಂಟೆನಾ ಕೂಡ ತನಗೆ ಬಂದುದರಲ್ಲಿ ನೂರರಲ್ಲೊಂದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಎರಡೂ ಸೇರಿ ರಿಸೀವರಿಗೆ ಸೋರುವುದು ಸುಮಾರು ಪ್ಲಸ್ 10 ಡಿಬಿಎಂ, ಹತ್ತು ಮಿಲಿವಾಟ್. ಟ್ಯಾಗಿನ ಉತ್ತರಕ್ಕಿಂತ ನಾಲ್ಕು ಕೋಟಿ ಪಟ್ಟು ಹೆಚ್ಚು. ಗದಗಿನ ಜಿನ್ನಿಂಗ್ ಗಿರಣಿ ಪೂರ್ಣ ವೇಗದಲ್ಲಿ ಓಡುತ್ತಿರುವಾಗ ಅದರೊಳಗೆ ನಿಂತು ಕೈಗಡಿಯಾರದ ಟಿಕ್ ಟಿಕ್ ಎಣಿಸುವಂಥ ಕೆಲಸ ಇದು. ಗಡಿಯಾರಕ್ಕೆ ಚಾವಿ ಕೊಡುತ್ತಿರುವುದೇ ಆ ಗಿರಣಿಯ ಅದುರುವಿಕೆ, ಆದ್ದರಿಂದ ಗಿರಣಿಯನ್ನು ನಿಲ್ಲಿಸುವಂತೆಯೂ ಇಲ್ಲ. ಮೊಬೈಲಿನಲ್ಲಿ ಕಳಿಸುವ ಮತ್ತು ಕೇಳುವ ಆವರ್ತನಗಳು ಬೇರೆಯಾಗಿದ್ದರೆ ಫಿಲ್ಟರ್ ಹಾಕಬಹುದು, ಒಂದೇ ಆಗಿದ್ದರೆ ಸರದಿಯ ಮೇಲೆ ಮಾತಾಡಬಹುದು. ಇಲ್ಲಿ ಎರಡಕ್ಕೂ ಆಸ್ಪದವಿಲ್ಲ. ರೀಡರ್ ಚಿಪ್ಪಿನ ವಿನ್ಯಾಸದಲ್ಲಿ ಕೈಗೊಳ್ಳುವ ಬಹುತೇಕ ಪ್ರತಿ ನಿರ್ಧಾರವೂ ಈ ಒಂದು ಸೋರಿಕೆಯಿಂದ ಹುಟ್ಟಿದ್ದು.

ಮೊದಲ ಪರಿಣಾಮ ರಿಸೀವರಿನ ಬಾಗಿಲಲ್ಲೇ ಕಾಣುತ್ತದೆ. ಪಠ್ಯಪುಸ್ತಕದ ರಿಸೀವರ್ ಕಡಿಮೆ ಗದ್ದಲದ ಆಂಪ್ಲಿಫೈಯರಿನಿಂದ ಆರಂಭವಾಗುತ್ತದೆ. ಹತ್ತು ಮಿಲಿವಾಟ್ ಸೋರಿಕೆಯನ್ನು ಅಂಥ ಆಂಪ್ಲಿಫೈಯರಿಗೆ ಉಣಿಸಿದರೆ ಅದು ಉಸಿರುಗಟ್ಟಿ, ಟ್ಯಾಗಿನ ಸಣ್ಣ ಏರಿಳಿತವನ್ನು ದಾಟಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ರೀಡರ್ ಚಿಪ್‌ಗಳಲ್ಲಿ ಬಾಗಿಲಲ್ಲಿ ಮಿಕ್ಸರನ್ನೇ (ಬಂದ ತರಂಗವನ್ನು ಚಿಪ್ಪಿನದೇ ತರಂಗದೊಡನೆ ಬೆರೆಸಿ ಆವರ್ತನವನ್ನು ಕೆಳಗಿಳಿಸುವ ಮಂಡಲವನ್ನು) ಕೂರಿಸುವುದು ರೂಢಿ, ಅಥವಾ ಆಂಪ್ಲಿಫೈಯರ್ ಇದ್ದರೂ ಓದುವ ಹೊತ್ತಿನಲ್ಲಿ ಅದನ್ನು ಬದಿಗಿಡುವುದು. ಗದ್ದಲದ ಅಂಕೆ, ಅಂದರೆ ರಿಸೀವರ್ ತಾನೇ ಸೇರಿಸುವ ಗದ್ದಲದ ಅಳತೆ, ಕೆಡುತ್ತದೆ, ಕೆಡಲಿ; ಬಿಸಿಯಿಂದ ಇಲೆಕ್ಟ್ರಾನುಗಳು ನಡುಗಿ ಹುಟ್ಟುವ ಉಷ್ಣದ ಗದ್ದಲ ನಮ್ಮ ಶತ್ರುವಲ್ಲ. ಈ ಮಾತನ್ನು ಒಪ್ಪಿಕೊಳ್ಳಲು ಹೊಸಬರಿಗೆ ಬಹಳ ಕಾಲ ಬೇಕಾಗುತ್ತದೆ, ಏಕೆಂದರೆ ಓದಿದ್ದೆಲ್ಲ ಗದ್ದಲದ ಅಂಕೆಯನ್ನು ಇಳಿಸುವ ಬಗೆಗಳನ್ನೇ.

ಸೋರಿ ಬಂದ ತರಂಗವೂ ಮಿಕ್ಸರಿಗೆ ಕೊಡುವ ಆಸಿಲೇಟರಿನ (ಚಿಪ್ಪಿನೊಳಗೆ ತರಂಗವನ್ನು ಹುಟ್ಟಿಸುವ ಮಂಡಲದ) ತರಂಗವೂ ಒಂದೇ ಮೂಲದವು. ಆದ್ದರಿಂದ ಮಿಕ್ಸರಿನ ಇನ್ನೊಂದು ತುದಿಯಲ್ಲಿ ಸೋರಿಕೆ ಒಂದು ಸ್ಥಿರ ವೋಲ್ಟೇಜಾಗಿ ಇಳಿಯುತ್ತದೆ, ಟ್ಯಾಗಿನ ಮಾತು ಅದರ ಪಕ್ಕದಲ್ಲಿ 40ರಿಂದ 640 ಕಿಲೋಹರ್ಟ್ಜ್ ದೂರದಲ್ಲಿ ನಿಲ್ಲುತ್ತದೆ. ಸ್ಥಿರ ವೋಲ್ಟೇಜ್ ತಾನೆ, ಒಂದು ಕೆಪಾಸಿಟರ್ ಹಾಕಿ ತಡೆದರಾಯಿತು ಎನಿಸುತ್ತದೆ. ಆದರೆ ರೀಡರ್ ಆಜ್ಞೆ ಕಳಿಸುವಾಗ ತನ್ನ ತರಂಗವನ್ನು ತಾನೇ ಏರಿಳಿಸುವುದರಿಂದ, ಆ ‘ಸ್ಥಿರ’ ವೋಲ್ಟೇಜೂ ಅದರೊಂದಿಗೆ ಕುಣಿಯುತ್ತಿರುತ್ತದೆ, ಮತ್ತು ಆಜ್ಞೆ ಮುಗಿದೊಡನೆ ಕೆಪಾಸಿಟರ್ ಹೊಸ ಮಟ್ಟಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಅತಿವೇಗದ ಕ್ರಮದಲ್ಲಿ ಟ್ಯಾಗ್ ಸುಮಾರು 16 ಮೈಕ್ರೋಸೆಕೆಂಡಿನಲ್ಲೇ ಉತ್ತರ ಆರಂಭಿಸುತ್ತದೆ. ಅಷ್ಟರೊಳಗೆ ಹೊಂದಿಕೊಳ್ಳಬೇಕಾದರೆ ಫಿಲ್ಟರಿನ ಕೆಳಗಿನ ಅಂಚು ಮೇಲಿರಬೇಕು. ನಿಧಾನದ ಕ್ರಮದಲ್ಲಿ 40 ಕಿಲೋಹರ್ಟ್ಜಿನ ಉತ್ತರವನ್ನು ವಿರೂಪಗೊಳಿಸದೆ ಹಿಡಿಯಬೇಕಾದರೆ ಅದೇ ಅಂಚು ಕೆಲವೇ ಕಿಲೋಹರ್ಟ್ಜಿಗೆ ಇಳಿಯಬೇಕು. ಎರಡೂ ಒಟ್ಟಿಗೆ ಆಗದು. ಹಾಗಾಗಿ ಕಳಿಸುವಾಗ ಅಂಚನ್ನು ಎತ್ತರಿಸಿ, ಆಜ್ಞೆ ಮುಗಿದ ಮೇಲೆ ಟ್ಯಾಗ್ ಬಾಯಿ ತೆರೆಯುವಷ್ಟರಲ್ಲಿ ಸ್ವಿಚ್ಚಿನಿಂದ ಅದನ್ನು ಕೆಳಗಿಳಿಸುವ ಏರ್ಪಾಡು ಬೇಕು. ಆ ಸ್ವಿಚ್ ತೆರೆಯುವಾಗ ಹೊರಬೀಳುವ ಚಿಟಿಕೆಯಷ್ಟು ವಿದ್ಯುದಂಶವೂ ಮುಂದಿನ ಆಂಪ್ಲಿಫೈಯರಿನಲ್ಲಿ ಸಾವಿರಪಟ್ಟು ಹಿಗ್ಗಿ, ಟ್ಯಾಗಿನ ಪೀಠಿಕೆಯ ಮೊದಲ ಬಿಟ್‌ಗಳನ್ನು ನುಂಗಿಹಾಕಬಲ್ಲದು. ಸಿಮ್ಯುಲೇಶನ್ನಿನ ಪರದೆಯ ಮೇಲೆ ಆ ಸ್ವಿಚ್ಚಿನ ಗೇಟಿಗೆ ಕೊಡುವ ಇಳಿಜಾರನ್ನು ತಿದ್ದುತ್ತ ಕೂರುವುದು ಈ ವೃತ್ತಿಯ ನಿತ್ಯಕರ್ಮಗಳಲ್ಲಿ ಒಂದು.

ಒಂದು ಗೇಣಿನ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಟ್ಯಾಗಿನ ಉತ್ತರ ಹೋಗಿ ಬರುವ ದಾರಿ ಎರಡು ಪಟ್ಟು ಆದ್ದರಿಂದ, ಟ್ಯಾಗ್ ತರಂಗದ ಉದ್ದದ ಎಂಟನೆಯ ಒಂದು ಭಾಗ, ಅಂದರೆ 4.3 ಸೆಂಟಿಮೀಟರ್ ಸರಿದರೆ ಉತ್ತರದ ಫೇಸ್ (ತರಂಗ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) 90 ಡಿಗ್ರಿ ತಿರುಗಿರುತ್ತದೆ. ಒಂದೇ ಮಿಕ್ಸರ್ ಇದ್ದರೆ ಪ್ರತಿ ಎಂಟೂವರೆ ಸೆಂಟಿಮೀಟರಿಗೊಮ್ಮೆ ರಿಸೀವರ್ ಕುರುಡಾಗುತ್ತದೆ. ಅದಕ್ಕಾಗಿಯೇ ಎಲ್ಲ ರೀಡರ್ ಚಿಪ್‌ಗಳಲ್ಲೂ 90 ಡಿಗ್ರಿ ಅಂತರದ ಎರಡು ಮಿಕ್ಸರುಗಳಿರುತ್ತವೆ. ಒಂದು ಕುರುಡಾದಲ್ಲಿ ಇನ್ನೊಂದಕ್ಕೆ ಪೂರ್ಣ ದೃಷ್ಟಿ. ಹೀಗಿರುವಾಗ ಟೋಲ್‌ನಲ್ಲಿ ಉಳಿಯುವ ತೊಂದರೆ ಬಹುಪಾಲು ಚಿಪ್ಪಿನದಲ್ಲ. ಆಂಟೆನಾದಿಂದ ನೇರವಾಗಿ ಬಂದ ತರಂಗವೂ ಕಾರಿನ ಬಾನೆಟ್ಟಿಗೆ ಅಥವಾ ಪಕ್ಕದ ಲಾರಿಗೆ ಬಡಿದು ಬಂದ ತರಂಗವೂ ಗಾಜಿನ ಆ ಬಿಂದುವಿನಲ್ಲಿ ಒಂದನ್ನೊಂದು ಅಳಿಸಿಕೊಂಡು ಟ್ಯಾಗಿಗೆ ಶಕ್ತಿಯೇ ತಲುಪದಿರುವ ತೊಂದರೆ ಅದು. ಕಾರು ಸರಿದರೆ ಆ ಬಿಂದು ತಪ್ಪುತ್ತದೆ. ಟೋಲ್ ಸಿಬ್ಬಂದಿ ಅನುಭವದಿಂದ ಕಂಡುಕೊಂಡ ಪರಿಹಾರ ಭೌತಶಾಸ್ತ್ರಕ್ಕೆ ಸರಿಯಾಗಿಯೇ ಇದೆ.

ಸೋರಿಕೆಯ ನಿಜವಾದ ಕಾಟ ಅದರ ಗಾತ್ರದ್ದಷ್ಟೇ ಅಲ್ಲ, ಅದು ಹೊತ್ತು ತರುವ ಕೊಳೆಯದ್ದು. ಯಾವ ಆಸಿಲೇಟರೂ ಶುದ್ಧವಲ್ಲ; ಮುಖ್ಯ ಆವರ್ತನದ ಇಕ್ಕೆಲಗಳಲ್ಲಿ ಫೇಸ್ ಗದ್ದಲದ, ಅಂದರೆ ಫೇಸಿನ ಸಣ್ಣ ನಡುಕದಿಂದ ಹುಟ್ಟುವ ಗದ್ದಲದ, ಸೆರಗು ಹರಡಿರುತ್ತದೆ. 250 ಕಿಲೋಹರ್ಟ್ಜ್ ಆಚೆಗೆ ಅದು ಪ್ರತಿ ಹರ್ಟ್ಜಿಗೆ ಮುಖ್ಯ ತರಂಗಕ್ಕಿಂತ 120 ಡೆಸಿಬೆಲ್ ಕೆಳಗಿದೆ ಎಂದು ಹಿಡಿಯೋಣ. ಸಿಲಿಕಾನಿನ ಮೇಲಿನ ಆಸಿಲೇಟರಿಗೆ ಇದು ತಕ್ಕಮಟ್ಟಿಗೆ ಒಳ್ಳೆಯ ಅಂಕೆ. ಪ್ಲಸ್ 10ರ ಸೋರಿಕೆಯ ಮೇಲೆ ಸವಾರಿ ಮಾಡಿ ಬಂದಾಗ ಅದು ಪ್ರತಿ ಹರ್ಟ್ಜಿಗೆ ಮೈನಸ್ 110 ಡಿಬಿಎಂ ಆಗುತ್ತದೆ. ಉಷ್ಣದ ಗದ್ದಲ ಮೈನಸ್ 174. ನಡುವೆ 64 ಡೆಸಿಬೆಲ್ ಅಂತರ. ಇಷ್ಟಕ್ಕೇ ಬಿಟ್ಟರೆ ಯಾವ ರೀಡರೂ ಓದುತ್ತಿರಲಿಲ್ಲ. ನಮ್ಮನ್ನು ಕಾಪಾಡುವುದು, ಆಗಲೇ ಹೇಳಿದಂತೆ, ಸೋರಿಕೆಗೂ ಮಿಕ್ಸರಿಗೂ ಮೂಲ ಒಂದೇ ಎಂಬ ಸಂಗತಿ. ಎರಡೂ ಒಂದೇ ಬಗೆಯಲ್ಲಿ ನಡುಗುವುದರಿಂದ ಮಿಕ್ಸರಿನಲ್ಲಿ ನಡುಕ ಪರಸ್ಪರ ಕಳೆದುಹೋಗುತ್ತದೆ. ಎಷ್ಟು ಕಳೆಯುತ್ತದೆ ಎಂಬುದು ಎರಡರ ನಡುವಿನ ವಿಳಂಬಕ್ಕೆ ಬಿಟ್ಟದ್ದು. ವಿಳಂಬ 10 ನ್ಯಾನೋಸೆಕೆಂಡ್ ಆಗಿದ್ದರೆ 36 ಡೆಸಿಬೆಲ್ ಕಳೆಯುತ್ತದೆ, 50 ನ್ಯಾನೋಸೆಕೆಂಡ್ ಆದರೆ 22 ಮಾತ್ರ.

ಈ ಎರಡು ಅಂಕೆಗಳು ಚಿಪ್ಪಿನವಲ್ಲ, ಕೇಬಲಿನವು. ಸಾಮಾನ್ಯ ಕೇಬಲಿನಲ್ಲಿ ತರಂಗ ಬೆಳಕಿನ ವೇಗದ ಮೂರನೆಯ ಎರಡು ಭಾಗದಷ್ಟು ವೇಗದಲ್ಲಿ ಸಾಗುತ್ತದೆ. ಒಂದು ಮೀಟರ್ ಕೇಬಲ್ ಹಾಕಿದರೆ ಆಂಟೆನಾದಿಂದ ಮರಳುವ ಸೋರಿಕೆಗೆ ಹೋಗಿ ಬರಲು 10 ನ್ಯಾನೋಸೆಕೆಂಡ್ ಬೇಕು. ಐದು ಮೀಟರ್ ಹಾಕಿದರೆ 50. ಮುಂದಿನ ಲೆಕ್ಕ ಸರಳ. 500 ಕಿಲೋಹರ್ಟ್ಜ್ ಅಗಲದಲ್ಲಿ, ಮೊದಲ ಸಂದರ್ಭದಲ್ಲಿ ಗದ್ದಲ ಮೈನಸ್ 89 ಡಿಬಿಎಂ, ಟ್ಯಾಗಿನ ಉತ್ತರ ಮೈನಸ್ 66. 23 ಡೆಸಿಬೆಲ್ ಎತ್ತರದಲ್ಲಿ ನಿಂತ ಟ್ಯಾಗನ್ನು ಸಲೀಸಾಗಿ ಓದಬಹುದು. ಎರಡನೆಯದರಲ್ಲಿ ಉಳಿಯುವುದು 9 ಡೆಸಿಬೆಲ್, ಅದರಿಂದ ಕೇಬಲಿನ ನಷ್ಟವನ್ನೂ ಕಳೆಯಬೇಕು. ಚಿಪ್ ಅದೇ, ಆಂಟೆನಾ ಅದೇ, ಟ್ಯಾಗ್ ಅದೇ. ಕಂಬದ ಬುಡದಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ರೀಡರ್ ಇಟ್ಟು ಉದ್ದನೆಯ ಕೇಬಲನ್ನು ಮೇಲಕ್ಕೆ ಎಳೆಯುವ ಗುತ್ತಿಗೆದಾರರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ಅವರ ದೃಷ್ಟಿಯಲ್ಲಿ ಕೇಬಲ್ ಎಂದರೆ ತಂತಿ, ಅಷ್ಟೆ.

ಸೋರಿಕೆಯನ್ನೇ ಅಳಿಸಿಹಾಕುವ ಉಪಾಯವೂ ಇದೆ. ಕಳಿಸುವ ತರಂಗದ ಒಂದು ಸಣ್ಣ ಪಾಲನ್ನು ಕಪ್ಲರಿನಿಂದ ತೆಗೆದು, ಅದರ ಎತ್ತರ ಮತ್ತು ಫೇಸನ್ನು ಹೊಂದಿಸಿ, ಸೋರಿಕೆಗೆ ಸರಿಯಾಗಿ ವಿರುದ್ಧವಾಗುವಂತೆ ರಿಸೀವರಿನ ಬಾಗಿಲಲ್ಲಿ ಸೇರಿಸುವುದು. ಇಂದಿನ ಉತ್ತಮ ದರ್ಜೆಯ ರೀಡರ್ ಚಿಪ್‌ಗಳಲ್ಲಿ ಇದು ಚಿಪ್ಪಿನೊಳಗೇ ಇರುತ್ತದೆ. 40 ಡೆಸಿಬೆಲ್ ಅಳಿಸಬೇಕೆಂದರೆ ಎತ್ತರದಲ್ಲಿ ಶೇಕಡಾ 1ಕ್ಕಿಂತ, ಫೇಸಿನಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಬಾರದು. ಆಂಟೆನಾದ ಕೆಳಗೆ ಮೆಣಸಿನಕಾಯಿ ಚೀಲ ಹೇರಿದ ಲಾರಿ ಬಂದು ನಿಂತರೆ ಅದರ ಕ್ಯಾಬಿನ್ನಿನ ತಗಡು ಎಸೆಯುವ ಪ್ರತಿಫಲನಕ್ಕೇ ಆ ಹೊಂದಾಣಿಕೆ ಕೆಡುತ್ತದೆ. ಮುಂಗಾರಿನಲ್ಲಿ ಆಂಟೆನಾದ ಮುಚ್ಚಳದ ಮೇಲೆ ನೀರು ಹರಿದರೂ ಕೆಡುತ್ತದೆ. ಆದ್ದರಿಂದ ಎರಡು ಆಜ್ಞೆಗಳ ನಡುವಿನ ಬಿಡುವಿನಲ್ಲೇ ಮತ್ತೆ ಮತ್ತೆ ಹೊಂದಿಸುವ ತರ್ಕವನ್ನು ಡಿಜಿಟಲ್ ಭಾಗದಲ್ಲಿ ಬರೆಯಬೇಕು.

ಈ ಅಳಿಸುವ ಮಂಡಲದ ಬಗ್ಗೆ ಮಾರಾಟಗಾರರು ಹೇಳದ ಮಾತೊಂದಿದೆ. ಅದು ರಿಸೀವರ್ ಉಸಿರುಗಟ್ಟುವುದನ್ನು ತಪ್ಪಿಸುತ್ತದೆ, ಸ್ಥಿರ ವೋಲ್ಟೇಜನ್ನು ಇಳಿಸುತ್ತದೆ, ತರಂಗದ ಎತ್ತರದಲ್ಲಿರುವ ಗದ್ದಲವನ್ನೂ ಇಳಿಸುತ್ತದೆ. ಆದರೆ ಕೇಬಲಿನ ವಿಳಂಬದಿಂದ ಉಳಿದುಕೊಂಡ ಫೇಸ್ ಗದ್ದಲವನ್ನು ಅದು ಮುಟ್ಟುವುದೇ ಇಲ್ಲ. ಚಿಪ್ಪಿನೊಳಗೆ ತಯಾರಾದ ವಿರುದ್ಧ ತರಂಗಕ್ಕೆ ವಿಳಂಬವಿಲ್ಲ, ಕೇಬಲ್ ಸುತ್ತಿ ಬಂದ ಸೋರಿಕೆಗೆ ವಿಳಂಬವಿದೆ. ಮುಖ್ಯ ತರಂಗಗಳು ಒಂದನ್ನೊಂದು ಅಳಿಸಿಕೊಂಡರೂ ಅವುಗಳ ನಡುಕದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ, ಮತ್ತು ಆ ಉಳಿಕೆ ಅಳಿಸುವ ಮೊದಲು ಮಿಕ್ಸರಿನಲ್ಲಿ ಉಳಿಯುತ್ತಿದ್ದಷ್ಟೇ ಇರುತ್ತದೆ. ಎರಡು ಸಾಲಿನ ಬೀಜಗಣಿತದಲ್ಲಿ ಇದನ್ನು ತೋರಿಸಬಹುದು. ಹಾಗಾಗಿ 40 ಡೆಸಿಬೆಲ್ ಅಳಿಸುತ್ತೇವೆ ಎಂಬ ಭರವಸೆಯ ಮೇಲೆ ಆಸಿಲೇಟರಿಗೆ ಕೊಡುವ ವಿದ್ಯುತ್ತಿನಲ್ಲಿ ಉಳಿತಾಯ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತಂಡದಲ್ಲಿ ಈ ವಿಷಯಕ್ಕೆ ಪ್ರತಿ ಆವೃತ್ತಿಯಲ್ಲೂ ಜಗಳ ಇದ್ದದ್ದೇ.

ಆ ಆಸಿಲೇಟರಿಗೂ ನೆಮ್ಮದಿಯಿಲ್ಲ. 866 ಮೆಗಾಹರ್ಟ್ಜಿನಲ್ಲೇ ಅದನ್ನು ಓಡಿಸಿದರೆ ಪಕ್ಕದ ಪವರ್ ಆಂಪ್ಲಿಫೈಯರ್ ಅದನ್ನು ತನ್ನತ್ತ ಎಳೆಯುತ್ತದೆ. ಅದಕ್ಕಾಗಿ ನಾಲ್ಕು ಪಟ್ಟು ಮೇಲೆ, 3464 ಮೆಗಾಹರ್ಟ್ಜಿನಲ್ಲಿ ಓಡಿಸಿ, ನಾಲ್ಕರಿಂದ ಭಾಗಿಸುತ್ತಾರೆ. ಮಿಕ್ಸರುಗಳಿಗೆ ಬೇಕಾದ 90 ಡಿಗ್ರಿ ಅಂತರವೂ ಆ ಭಾಗಾಕಾರದಲ್ಲೇ ಸಿಗುತ್ತದೆ. ಆದರೆ ಆಂಪ್ಲಿಫೈಯರಿನ ನಾಲ್ಕನೆಯ ಹಾರ್ಮೋನಿಕ್ (ಮೂಲ ಆವರ್ತನದ ನಾಲ್ಕು ಪಟ್ಟಿನಲ್ಲಿ ಹುಟ್ಟುವ ಉಪತರಂಗ) ಕೂಡ 3464ರ ಮೇಲೇ ಬಂದು ಕೂರುತ್ತದೆ. ಅದು ದುರ್ಬಲವಾದರೂ ಆಜ್ಞೆಯ ಏರಿಳಿತದೊಂದಿಗೆ ಏರಿಳಿಯುವುದರಿಂದ ಆಸಿಲೇಟರ್ ಪ್ರತಿ ಬಿಟ್ಟಿಗೂ ಬೆಚ್ಚುತ್ತದೆ. ಪರಿಹಾರ ಬಹುಮಟ್ಟಿಗೆ ಲೇಔಟಿನಲ್ಲಿದೆ: ಎರಡನ್ನೂ ಚಿಪ್ಪಿನ ಎದುರುಬದುರು ಮೂಲೆಗಳಲ್ಲಿ ಇಡುವುದು, ಆಸಿಲೇಟರಿನ ಇಂಡಕ್ಟರನ್ನು (ಲೋಹದ ಸುರುಳಿಯನ್ನು) ಎಂಟರ ಆಕಾರದಲ್ಲಿ ಸುತ್ತುವುದು, ನೆಲದ ಸಂಪರ್ಕಗಳನ್ನು ಬೇರೆ ಬೇರೆ ಮಾಡುವುದು. ನೆಲ ಎಂದೊಡನೆ ಸೊನ್ನೆ ವೋಲ್ಟ್ ಎಂದು ಭಾವಿಸುವವರು ಒಂದು ಮಿಲಿಮೀಟರ್ ಉದ್ದದ ಚಿನ್ನದ ಎಳೆಯನ್ನು ನೋಡಬೇಕು. ಚಿಪ್ಪನ್ನು ಪ್ಯಾಕೇಜಿಗೆ ಹೊಲಿಯುವ ಆ ಎಳೆಯ ಇಂಡಕ್ಟನ್ಸ್ ಸುಮಾರು ಒಂದು ನ್ಯಾನೋಹೆನ್ರಿ. 866 ಮೆಗಾಹರ್ಟ್ಜಿನಲ್ಲಿ ಅದು 5.4 ಓಮ್. ನೂರು ಮಿಲಿಆಂಪಿಯರ್ ಹರಿದರೆ ಅರ್ಧ ವೋಲ್ಟಿಗೂ ಹೆಚ್ಚು. ಅಂಥ ‘ನೆಲ’ವನ್ನು ರಿಸೀವರ್ ಹಂಚಿಕೊಂಡರೆ ಸರ್ಕ್ಯುಲೇಟರ್ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ. ಆಂಪ್ಲಿಫೈಯರಿನ ನೆಲಕ್ಕೆ ಹತ್ತಾರು ಎಳೆಗಳನ್ನು ಅಕ್ಕಪಕ್ಕದಲ್ಲಿ ಪ್ಯಾಕೇಜಿನ ತಳದ ಲೋಹಕ್ಕೇ ನೇರವಾಗಿ ಇಳಿಸುವುದು ಇದಕ್ಕಾಗಿ.

ಡಿಜಿಟಲ್ ಭಾಗವನ್ನು ಬೇರೆ ಚಿಪ್ಪಿನಲ್ಲಿ ಇಡಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಟ್ಯಾಗ್ ತನ್ನ 16 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಯನ್ನು ಹೇಳಿ ಮುಗಿಸಿದ ಮೇಲೆ, ಅತಿವೇಗದ ಕ್ರಮದಲ್ಲಿ ರೀಡರ್ ಸುಮಾರು 31 ಮೈಕ್ರೋಸೆಕೆಂಡಿನೊಳಗೆ ಅದನ್ನು ಬಿಡಿಸಿ, ಅದೇ ಸಂಖ್ಯೆಯನ್ನು ಮರಳಿ ಹೇಳಬೇಕು. ತಡವಾದರೆ ಟ್ಯಾಗ್ ಸರದಿಯಿಂದ ಹಿಂದೆ ಸರಿಯುತ್ತದೆ. ಹೊರಗಿನ ಪ್ರೊಸೆಸರನ್ನು ನಂಬಿ ಕೂರಲು ಅದು ಸಾಲದು. 2007ರಲ್ಲಿ ಇಂಟೆಲ್ ತಂದ ಆರ್1000 ಚಿಪ್, ಅಲ್ಲಿಯವರೆಗೆ ಬೋರ್ಡಿನ ತುಂಬ ಹರಡಿರುತ್ತಿದ್ದ ಬಿಡಿಭಾಗಗಳ ರೇಡಿಯೊವನ್ನು ಒಂದೇ ಪ್ಯಾಕೇಜಿಗೆ ತಂದಿತು. ಮರುವರ್ಷವೇ ಇಂಪಿಂಜ್ ಕಂಪನಿ ಆ ವಿಭಾಗವನ್ನು ಕೊಂಡುಕೊಂಡಿತು. ಆಸ್ಟ್ರಿಯಾದ ಎಎಂಎಸ್ ಕಂಪನಿಯ ಸಾಲಿನ ಚಿಪ್‌ಗಳು 2016ರಲ್ಲಿ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್‌ಗೆ ಹೋದವು. ಈ ಕ್ಷೇತ್ರದಲ್ಲಿ ಆಟಗಾರರು ಅಂದಿಗೂ ಇಂದಿಗೂ ಬೆರಳೆಣಿಕೆಯಷ್ಟೇ.

ರೀಡರ್ ಕೊಳ್ಳಲು ಹೊರಟವರಿಗೂ, ಪ್ರಾಜೆಕ್ಟಿಗೆ ಚಿಪ್ ಹುಡುಕುವ ವಿದ್ಯಾರ್ಥಿಗಳಿಗೂ ನಾನು ಹೇಳುವುದು ಡೇಟಾಶೀಟಿನ ಮೊದಲ ಪುಟದ ಸಂವೇದನೆಯ (ರಿಸೀವರ್ ಹಿಡಿಯಬಲ್ಲ ಅತಿ ಸಣ್ಣ ಸಂಕೇತದ) ಅಂಕೆಯನ್ನು ಹಾಗೆಯೇ ನಂಬಬೇಡಿ ಎಂದು. ಮೈನಸ್ 90 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಅಳೆದಾಗ ಸೋರಿಕೆ ಎಷ್ಟಿತ್ತು ಎಂಬುದು ಅಡಿಟಿಪ್ಪಣಿಯಲ್ಲಿರುತ್ತದೆ, ಕೆಲವೊಮ್ಮೆ ಅಲ್ಲಿಯೂ ಇರುವುದಿಲ್ಲ. ಸೋರಿಕೆ ಇಲ್ಲದೆ ಅಳೆದ ಸಂವೇದನೆಗೆ ರೀಡರಿನಲ್ಲಿ ಅರ್ಥವಿಲ್ಲ. ನಮ್ಮ ಬೆಂಚಿನ ಮೇಲೆ ಈ ಪರೀಕ್ಷೆಗೆ ಹೆಚ್ಚಿನ ಉಪಕರಣ ಬೇಕಾಗುವುದಿಲ್ಲ. ಚಿಪ್ಪಿನದೇ ಪ್ರೇಷಣವನ್ನು ಅಟೆನ್ಯುಯೇಟರಿನಲ್ಲಿ ಇಳಿಸಿ, ಐದು ಮೀಟರ್ ಕೇಬಲಿನ ಸುರುಳಿಯೊಂದನ್ನು ದಾಟಿಸಿ, ಪ್ಲಸ್ 10 ಡಿಬಿಎಂ ಮಟ್ಟದಲ್ಲಿ ರಿಸೀವರಿಗೆ ಮರಳಿ ಕೊಡುತ್ತೇವೆ, ಮತ್ತು ಅದರ ಜೊತೆಗೆ ಕಪ್ಲರಿನ ಮೂಲಕ ಟ್ಯಾಗಿನಂತೆ ವರ್ತಿಸುವ ಸಂಕೇತವನ್ನು ಸೇರಿಸಿ, ನೂರು ಪ್ರಶ್ನೆಗಳಲ್ಲಿ ಹತ್ತಕ್ಕೆ ಉತ್ತರ ತಪ್ಪುವವರೆಗೆ ಅದನ್ನು ಇಳಿಸುತ್ತ ಹೋಗುತ್ತೇವೆ. ಆಮೇಲೆ ಸುರುಳಿಯನ್ನು ತೆಗೆದು ಒಂದು ಮೀಟರಿನ ತುಂಡು ಹಾಕಿ ಅದನ್ನೇ ಮತ್ತೆ ಅಳೆಯುತ್ತೇವೆ. ಡೇಟಾಶೀಟಿನಲ್ಲಿ ಈ ಎರಡು ಅಂಕೆಗಳನ್ನೂ ಅಕ್ಕಪಕ್ಕದಲ್ಲಿ, ಒಂದೇ ಗಾತ್ರದ ಅಕ್ಷರಗಳಲ್ಲಿ ಮುದ್ರಿಸಬೇಕೆಂಬುದು ನನ್ನ ವಾದ. ಮಾರಾಟ ವಿಭಾಗದವರು ಇನ್ನೂ ಒಪ್ಪಿಲ್ಲ.